ನಾಳೆ ಮುಂದೆ ಹಾರುವವರು

ನವೆಂಬರ್ 9, ಶನಿವಾರ

ನಾಳೆ ನಮ್ಮ ಮೂರು ಪುಟ್ಟ ವಿಮಾನಗಳು ಒಟ್ಟಿಗೆ ಬೆಟ್ಟಸಾಲು ದಾಟಬೇಕು. ಮುಂದೆ ಹಾರುವವನು ನಾನು; ಸಂಜೆಯೆಲ್ಲ ಹ್ಯಾಂಗರಿನಲ್ಲಿ ದಾರಿ ವಿವರಿಸುತ್ತ ಗಂಟಲು ಹರಿದುಕೊಂಡೆ. ಭಾವ ನಕ್ಷೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಮೂರನೇ ವಿಮಾನ ಹಾರಿಸುವ ದಂತವೈದ್ಯರಿಗೆ ನಾಳೆ ಊಟ ಎಲ್ಲೆಂಬುದೇ ಚಿಂತೆ.

“ಮುಂದೆ ಮೋಡ ಕವಿದಿದ್ರೆ?” ಎಂದೆ.

“ನೀನು ತಿರುಗಿದ್ರೆ ನಾವೂ ತಿರುಗ್ತೀವಿ” ಎಂದರು ಭಾವ.

“ನಾನೇ ತಪ್ಪಿ ಮೋಡದೊಳಗೆ ನುಗ್ಗಿದ್ರೆ?”

“ನೀನು ನೋಡ್ಕೊಂಡೇ ನುಗ್ಗಿರ್ತೀಯ ಬಿಡು. ನಾವೂ ಹಿಂದೇನೇ ಬರ್ತೀವಿ.”

ದಂತವೈದ್ಯರೂ ತಲೆಯಾಡಿಸಿದರು. ಮೈಯೆಲ್ಲ ಉರಿದುಹೋಯಿತು. ಮೂರು ವಿಮಾನ, ಮೂವರು ಪೈಲಟ್‌ಗಳು, ಯೋಚಿಸುವುದಕ್ಕೆ ಮಾತ್ರ ನನ್ನದೊಂದೇ ತಲೆ.

“ಹಾಗಾದ್ರೆ ನಾಳೆ ನೀವು ಮುಂದೆ ಭಾವ, ನಾನು ಕೊನೇಲಿ” ಎಂದು ಹೇಳಿ ಎದ್ದು ಬಂದೆ.

ಈಗಷ್ಟೇ ಅಕ್ಕ ಫೋನ್ ಮಾಡಿದಳು. “ಏನೋ ಹೇಳ್ದೆ ಇವರಿಗೆ? ಊಟಾನೂ ಬಿಟ್ಟು ನಕ್ಷೆ ಹರಡ್ಕೊಂಡು ಕೂತಿದಾರೆ.”

ಕೂತಿರಲಿ. ಇನ್ನು ಆ ದಂತವೈದ್ಯರನ್ನು ನಕ್ಷೆಯ ಮುಂದೆ ಹೇಗೆ ಕೂರಿಸುವುದೋ...