ಕೊರಳಿನ ಟೇಪು

ಅಂಗಡಿಯ ಹಿಂದಿನ ಕೋಣೆಯಿಂದ
ಜನವರಿ ೧೭, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಹೇಗಿದ್ದೀಯ? ಮೊಣಕಾಲು ನೋವು ಇಳಿಯಿತೆ? ಮುಲಾಮು ದಿನಾ ಹಚ್ಚುತ್ತಿದ್ದೀಯೋ, ಇಲ್ಲ ಡಬ್ಬಿ ನೋಡಿದರೇ ವಾಸಿಯಾಗಲಿ ಎಂದು ಕೂತಿದ್ದೀಯೋ? ನಿನ್ನ ಸೋಮಾರಿತನ ನನಗೆ ಗೊತ್ತಿಲ್ಲದ್ದೆ? ಇಲ್ಲಿ ಎಲ್ಲರೂ ಸೌಖ್ಯ. ಚಳಿಗಾಲದ ಮಟ್ಟಿಗೆ ನಾನೂ ಪರವಾಗಿಲ್ಲ. ಬೆಳಿಗ್ಗೆ ಏಳುವುದು ಇನ್ನೂ ಹೆಣಗಾಟವೇ, ಹಲ್ಲುಜ್ಜುವುದೂ ಬೆಟ್ಟ ಹತ್ತಿದ ಹಾಗೆ. ಆದರೂ ಹತ್ತು ಗಂಟೆಗೆ ಹೊಲಿಗೆ ಅಂಗಡಿಯ ಬಾಗಿಲು ತೆಗೆಯುತ್ತೇನೆ. ಒಂದು ಅಂಚು ಮಡಿಸಿ ಹೊಲಿದರೂ ಆ ದಿನ ಗೆದ್ದೆ ಎಂದುಕೊಳ್ಳುತ್ತೇನೆ.

ಈಗ ನೀನು ಫೋನಿನಲ್ಲಿ ಪೂರ್ತಿ ಹೇಳಲು ಬಿಡದ ವಿಷಯ. ಹೊಸ ಡಾಕ್ಟರಮ್ಮನ ಹತ್ತಿರ ಹೋದೆನಲ್ಲ, ಆಕೆ ನನ್ನ ಚಳಿಗಾಲದ ಗೋಳನ್ನೆಲ್ಲ ಕೇಳಿ, "ಸರಿ, ಬಿಸಿಲು ಬಂದ್ಮೇಲೆ ಹೇಗಿರ್ತೀರಿ?" ಎಂದರು. ಹನ್ನೊಂದು ವರ್ಷದಿಂದ ಚಳಿಗಾಲದ ಮಂಕಿಗೆ ಔಷಧಿ ತಿಂದರೂ ಅದನ್ನು ಯಾವ ಡಾಕ್ಟರೂ ಕೇಳಿರಲಿಲ್ಲ. ನಾನು ಹೆಮ್ಮೆಯಿಂದಲೇ ಹೇಳಿದೆ: ಬಿಸಿಲು ಬಂದರೆ ನನಗೆ ರೆಕ್ಕೆ ಬರುತ್ತದೆ, ಮೂರು ಗಂಟೆ ನಿದ್ದೆ ಸಾಕು, ಮನೆಯಲ್ಲಿ ನನ್ನನ್ನು ಗಿರಗಿಟ್ಲೆ ಎಂದೇ ಕರೆಯುತ್ತಾರೆ. ಆಕೆ ನಗಲಿಲ್ಲ. ಕಳೆದ ಬಾರಿ ಏನೇನು ಮಾಡಿದಿರಿ, ಒಂದೊಂದಾಗಿ ಹೇಳಿ ಎಂದರು.

ಹೇಳುತ್ತಾ ಹೋದಂತೆ ನನ್ನ ದನಿಯೇ ಇಳಿಯಿತು. ಹಾಡುವ ತಂಡದ ಮೂವತ್ತು ಮಕ್ಕಳಿಗೆ ನಿಲುವಂಗಿ ಒಪ್ಪಿಕೊಂಡು, ನನ್ನ ಕಣ್ಣೇ ಟೇಪು ಎಂದು ಅಳತೆ ಹಿಡಿಯದೆ ಬಟ್ಟೆಯನ್ನೆಲ್ಲ ಕತ್ತರಿಸಿದ್ದೆ. ಮಕ್ಕಳು ವೇದಿಕೆಯಲ್ಲಿ ಕೈಯೆತ್ತಿದಾಗ ಅಂಗಿಯ ತೋಳು ಮೊಣಕೈಗೆ ಬಂದು ಕೂತಿತ್ತು. ಒಂದು ಸಲ ಅಳತೆ ನೋಡು ತಾಯಿ ಎಂದ ಕಾಜಾ ಹಾಕುವ ಅಜ್ಜಿಯನ್ನು, ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತವರನ್ನು, ಬಾಯಿಗೆ ಬಂದಂತೆ ಬೈದು ಮನೆಗೆ ಕಳಿಸಿಬಿಟ್ಟೆ. ಆಮೇಲೆ ಹೇಳದೆ ಕೇಳದೆ ನಿನ್ನ ಮನೆಗೆ ಬಂದು ಇದ್ದಬದ್ದ ಪರದೆಗಳನ್ನೆಲ್ಲ ಕಿತ್ತು ಹೊಸದು ಹೊಲಿದೆ. ನೀನು ಎಷ್ಟು ಸಂತೋಷಪಟ್ಟೆ! "ಇವಳೇ ಕಣ್ರೀ ನನ್ನ ತಂಗಿ, ಚಳಿಗಾಲದವಳು ಯಾರೋ ಬೇರೆ" ಎಂದು ಭಾವನಿಗೆ ಹೇಳಿದೆ. ಅಕ್ಕಾ, ಆ ಪರದೆ ಹೊಲಿದವಳಿಗೂ ಕಾಯಿಲೆಯೇ ಇತ್ತು.

ಬೈಪೋಲಾರ್ ಅಂತೆ ಅದರ ಹೆಸರು. ನನ್ನಲ್ಲಿ ಅದು ಋತುವಿನ ಬೆನ್ನು ಹತ್ತಿ ಬರುತ್ತದೆ: ಕತ್ತಲ ದಿನಗಳಲ್ಲಿ ಪಾತಾಳ, ಬೆಳಕು ಹೆಚ್ಚಿದಾಗ ಮಿತಿಮೀರಿ ಮೇಲೆ. ಚಳಿಗಾಲದಲ್ಲಿ ಮಂಕಾಗುವವರಿಗೆಲ್ಲ ಇದು ಇರುವುದಿಲ್ಲವಂತೆ. ಆದರೆ ಇದ್ದವರಿಗೆ ಬರೀ ಮಂಕಿಗೆ ಔಷಧಿ ಕೊಟ್ಟರೆ ಇನ್ನೂ ಮೇಲಕ್ಕೆ ಹಾರಿಬಿಡಬಹುದಂತೆ. ಹಳೆಯ ಮಾತ್ರೆಯ ಜೊತೆ ಚಳಿಗಾಲದ ಮಂಕು ಕಳೆಯಲೆಂದು ನೀನು ಕಳಿಸಿದ ಪ್ರಖರ ದೀಪದ ಮುಂದೆ ನಾನು ದಿನವಿಡೀ ಕೂರುತ್ತಿದ್ದೆ. ದೀಪದ ತಪ್ಪಿಲ್ಲ, ನಿನ್ನದಂತೂ ಅಲ್ಲವೇ ಅಲ್ಲ. ಈಗ ಡಾಕ್ಟರಮ್ಮ ಹೇಳಿದ ಹೊತ್ತಿಗೆ, ಹೇಳಿದಷ್ಟು ನಿಮಿಷ ಮಾತ್ರ ಹಚ್ಚುತ್ತೇನೆ.

ಹೆಸರಿಟ್ಟರೆ ಕಾಯಿಲೆ ದೊಡ್ಡದಾಗುತ್ತದೆ ಎಂದು ನೀನು ಅಂದೆ. ಇಲ್ಲ ಕಣೇ. ಹೆಸರಿಲ್ಲದೆಯೇ ಅದು ಹನ್ನೊಂದು ವರ್ಷ ನನ್ನ ಮನೆಯಲ್ಲಿ ಉಂಡು ಮಲಗಿತ್ತು. ಇನ್ನು ಬಿಡುವವಳಲ್ಲ ನಾನು. ಹೊಸ ಮಾತ್ರೆ ನುಂಗುತ್ತೇನೆ, ರಕ್ತ ಪರೀಕ್ಷೆಗೆ ಹೋಗುತ್ತೇನೆ, ಹತ್ತಕ್ಕೆ ಮಲಗುತ್ತೇನೆ. ಅಜ್ಜಿಯ ಮನೆಗೆ ಹೋಗಿ ಕ್ಷಮೆ ಕೇಳಿ ಕರೆತಂದೆ. "ಬೈದಾಗ ನಿನ್ನ ಕೊರಳಲ್ಲಿ ಟೇಪಿರ್ಲಿಲ್ಲ. ಪ್ರತಿ ವರ್ಷ ಹಾಗೇ, ಮೊದ್ಲು ಟೇಪು ಗೋಡೆ ಮೊಳೆಗೆ ಹೋಗುತ್ತೆ, ಆಮೇಲೆ ನೀನು ಕೈಗೆ ಸಿಗಲ್ಲ" ಎಂದರು. ಮುಂದಿನ ಸಲ ಹೋದಾಗ ಹೇಳಿದೆ, ಇದೇ ನಿಮ್ಮ ಮುನ್ಸೂಚನೆ ಎಂದು ಡಾಕ್ಟರಮ್ಮ ಅದನ್ನು ಬರೆದುಕೊಂಡರು.

ಭಾವನಿಗೆ ನಮಸ್ಕಾರ, ನಿನ್ನ ಮಗಳಿಗೊಂದು ಮುತ್ತು. ಮುಲಾಮು ಹಚ್ಚಿಕೋ ಮಾರಾಯ್ತಿ.

ನಿನ್ನ ತಂಗಿ,
ಗಿರಗಿಟ್ಲೆ (ಸದ್ಯಕ್ಕೆ ನಿಂತಿದ್ದೇನೆ)

ಇನ್ನೊಂದು ಮಾತು: ಇದನ್ನು ಬರೆಯಲೆಂದೇ ಕೂತದ್ದು, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಬಿಸಿಲು ಬಂದ ಮೇಲೆ ನಾನು ನಗುತ್ತಾ ಫೋನು ಮಾಡಿ, ಎಲ್ಲ ವಾಸಿಯಾಯಿತು, ಮಾತ್ರೆ ಬಿಟ್ಟೆ ಎಂದರೆ ನೀನು ನಗಬೇಡ. ಟೇಪು ಎಲ್ಲಿದೆ ಎಂದು ಕೇಳು. ಕೊರಳಲ್ಲಿಲ್ಲದಿದ್ದರೆ ಅಂದೇ ಹೊರಟು ಬಾ. ನಾನು ಬೈಯುತ್ತೇನೆ, ಬಾಗಿಲು ತೆಗೆಯದೆಯೂ ಇರಬಹುದು. ಆಗ ಈ ಕಾಗದವನ್ನು ಬಾಗಿಲ ಸಂದಿಯಲ್ಲಿ ಒಳಗೆ ತಳ್ಳು. ಬೇರೆ ಯಾರ ಮಾತು ಕೇಳದಿದ್ದರೂ ನನ್ನ ಅಕ್ಷರ ನನಗೆ ಗುರುತು ಸಿಗುತ್ತದೆ.