ಐವರು ಓರಗಿತ್ತಿಯರು

ಮನೆಯಿಂದ,
ಹದಿನಾಲ್ಕನೇ ತಾರೀಕು, ಗುರುವಾರ ಬೆಳಿಗ್ಗೆ

ಪ್ರೀತಿಯ ದೊಡ್ಡಕ್ಕಾ,

ನಿಮ್ಮ ಕಿರಿಯ ಓರಗಿತ್ತಿಯ ನಮಸ್ಕಾರಗಳು. ಮಂಡಿನೋವು ಹೇಗಿದೆ? ನಿಮ್ಮ ತಮ್ಮನ ಮನೆಯಲ್ಲಿ ಮೆಟ್ಟಿಲು ಜಾಸ್ತಿಯಂತೆ. ಹತ್ತಿ ಇಳಿದು ಶೌರ್ಯ ತೋರಿಸಬೇಡಿ. ಇಲ್ಲಿ ಎಲ್ಲರೂ ಕ್ಷೇಮ. ದೊಡ್ಡ ಭಾವ ಮಾತ್ರ ನೀವು ಹೋದ ಹನ್ನೊಂದು ದಿನದಿಂದ ಎರಡು ಕಾಲಿಗೆ ಎರಡು ಬಣ್ಣದ ಕಾಲುಚೀಲ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದಾರೆ.

ನಾನು ಪತ್ರಿಕೆಯಲ್ಲಿ ಬರೆದದ್ದಕ್ಕೆ ನೀವು ಸಿಟ್ಟಾಗಿ ಹೋದಿರಿ. ಅದು ಹೇಗಾಯಿತೆಂದು ಒಮ್ಮೆ ಕೇಳಿಬಿಡಿ. ಫೋನಿನವರು, ಹುಡುಕಿಕೊಡುವವರು, ಮನೆಬಾಗಿಲಿಗೆ ಸಾಮಾನು ತರುವವರು, ಹರಟೆಕಟ್ಟೆಯವರು, ಆಫೀಸಿನ ಕಂಪ್ಯೂಟರಿನವರು, ಹೀಗೆ ಜಗತ್ತನ್ನೇ ಆಳುವ ಐದು ಕಂಪನಿಗಳಿಗೆ ಒಟ್ಟಾಗಿ ಒಂದು ಹೆಸರು ಬೇಕೆಂದು ಸಂಪಾದಕರು ಹಟ ಹಿಡಿದರು. ಇಂಗ್ಲಿಷಿನವರು ಮೊದಲಕ್ಷರ ಪೋಣಿಸಿ ಕರೆಯುತ್ತಾರೆ. "ಅದು ಮಾತ್ರೆ ಹೆಸರಿದ್ದ ಹಾಗಿದೆ, ನಮ್ಮೋರಿಗೆ ಅರ್ಥ ಆಗೋದು ಕೊಡಿ" ಎಂದರು. ಒಬ್ಬರು ದೈತ್ಯರು ಎಂದರು, ಇನ್ನೊಬ್ಬರು ಪಂಚಭೂತಗಳು ಎಂದರು. ನನಗೆ ನಮ್ಮ ಅಡುಗೆಮನೆ ಕಂಡಿತು. ಎರಡು ಜಡೆ ಸೇರುವುದಿಲ್ಲ ಎನ್ನುತ್ತಾರೆ, ಇಲ್ಲಿ ಒಂದೇ ಒಲೆಯ ಸುತ್ತ ಐದು. ಒಳಗೆ ದಿನಾ ಕಿತ್ತಾಟ, ಹೊರಗಿನವರು ಬಾಯಿ ಹಾಕಿದರೆ ಎಲ್ಲರೂ ಒಂದು. "ಐವರು ಓರಗಿತ್ತಿಯರು" ಎಂದೆ. ಸಂಪಾದಕರು ಕುಣಿದಾಡಿಬಿಟ್ಟರು.

ಅಲ್ಲಿಗೇ ನಿಲ್ಲಿಸಬೇಕಿತ್ತು. ಯಾವ ಓರಗಿತ್ತಿ ಹೇಗೆ ಎಂದು ಒಂದೊಂದು ಸಾಲು ಬರೆದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಎರಡನೆಯಕ್ಕ "ಎಲ್ಲರ ಮನೆ ಸುದ್ದಿ ಕೂಡಿಡೋಳು ನಾನೇ ತಾನೆ?" ಎಂದು ನಕ್ಕರು. ಆದರೆ ಫೋನಿನ ಕಂಪನಿಗೆ "ಇವಳು ಹಿರಿಯಳು, ಇವಳ ಅಪ್ಪಣೆಯಿಲ್ಲದೆ ಯಾರೂ ಹೊಸಿಲು ದಾಟುವಂತಿಲ್ಲ" ಎಂದು ಬರೆದದ್ದು ನಿಮ್ಮ ಮನಸ್ಸಿಗೆ ನಾಟಿತು. "ನೀನು ಬಂದ ದಿನ ಬಾಗಿಲು ತೆಗೆದೋರು ಯಾರು, ನೆನಪಿದೆಯಾ?" ಎಂದಷ್ಟೇ ಕೇಳಿ ಚೀಲ ತುಂಬಿದಿರಿ.

ನೆನಪಿದೆ ಅಕ್ಕಾ. ಕೆಲಸಕ್ಕೆ ಹೋಗುವ ಸೊಸೆ ಬೇಡವೆಂದು ಮನೆಯೆಲ್ಲ ಮುಖ ತಿರುಗಿಸಿದಾಗ ನೀವೊಬ್ಬರೇ ಬಾಗಿಲು ತೆಗೆದು ನನ್ನ ಕೈಚೀಲ ತೆಗೆದುಕೊಂಡಿರಿ. ಮಗಳು ಎಂಟು ತಿಂಗಳವಳಿದ್ದಾಗ ನಾನು ಪತ್ರಿಕೆ ಬಿಡುತ್ತೇನೆ ಎಂದರೆ, ಅವಳನ್ನು ನನ್ನ ತೋಳಿನಿಂದ ಎತ್ತಿಕೊಂಡು "ಬಸ್ಸು ತಪ್ಪತ್ತೆ, ಹೋಗು" ಎಂದಿರಿ. ಇವತ್ತು ಬರೆಯಲು ನನಗೊಂದು ಪುಟವಿದ್ದರೆ ಅದು ನೀವು ಕೊಟ್ಟದ್ದು. ಕೊಟ್ಟವರನ್ನೇ ಅದರಲ್ಲಿ ನೋಯಿಸಿದೆ. ತಿದ್ದುಪಡಿ ಹಾಕೋಣವೆಂದರೆ ಸಂಪಾದಕರು "ಯಾವ ಕಂಪನಿ ದೂರು ಕೊಟ್ಟಿದೆ?" ಎನ್ನುತ್ತಾರೆ. ಆ ಕಂಪನಿಗೆ ಆ ಸಾಲು ಒಪ್ಪುತ್ತದೋ ಏನೋ, ನಿಮಗೆ ಖಂಡಿತ ಒಪ್ಪುವುದಿಲ್ಲ. ತಪ್ಪು ನನ್ನದು, ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ತಮ್ಮನಿಗೂ ಅವರ ಮನೆಯವರಿಗೂ ನನ್ನ ವಂದನೆ ತಿಳಿಸಿ. ಮಂಡಿಗೆ ಎಣ್ಣೆ ಹಚ್ಚುವುದು ಮರೆಯಬೇಡಿ.

ಎಂದೆಂದೂ ನಿಮ್ಮ ಋಣದಲ್ಲಿರುವ,
ಐದನೆಯವಳು

ತಾ.ಕ.: ಅಂಚೆಯವರು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಶನಿವಾರ ಹತ್ತರ ಬಸ್ಸಿಗೆ ನಾವು ನಾಲ್ವರೂ ಅಲ್ಲಿಗೆ ಬರುತ್ತಿದ್ದೇವೆ. ಬರುವುದಕ್ಕೆ ನಾಲ್ಕು ಟಿಕೆಟ್, ವಾಪಸಿಗೆ ಐದು ತೆಗೆದಾಗಿದೆ.