ಮೀಟರ್ ಓಡದ ಊರು

ಮಸ್ಕತ್, ೧೦-೬-೧೯೯೮

ಅವ್ವಾ, ನಿನ್ನ ಅಮರೇಶನ ಶರಣು. ಶಿಲ್ಪಾಳನ್ನು ನಿನ್ನೆ ಅವಳ ತಾಯಿಗೆ ಒಪ್ಪಿಸಿದೆ. ನಾಲ್ಕು ವರ್ಷದ ಮೇಲೆ ಮಗಳನ್ನು ಕಂಡ ಭಾಗ್ಯಕ್ಕ ನರ್ಸ್ ಬಟ್ಟೆಯಲ್ಲೇ ವಿಮಾನ ನಿಲ್ದಾಣಕ್ಕೆ ಓಡಿ ಬಂದಿದ್ದಳು. ಇವಳೋ, ಕೊಟ್ಟೂರಿನ ಫೋನ್ ಬೂತಿನಲ್ಲಿ ದುಡ್ಡು ಏರುತ್ತದೆಂದು ನೀನು ಕಲಿಸಿದ ಹಾಗೇ, "ನಾ ಆರಾಮ ಅದೀನಿ, ಉಂಡೀನಿ, ಸಾಲಿಗೆ ಹೋಗ್ತೀನಿ, ಅಜ್ಜಿನೂ ಆರಾಮ ಅದಾಳ, ಇಡ್ತೀನಿ" ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಅಕ್ಕ ಕಣ್ಣೊರೆಸಿಕೊಂಡು, "ಇಲ್ಲಿ ಮೀಟರ್ ಓಡಂಗಿಲ್ಲವ್ವ, ಸಾವಕಾಶ ಹೇಳು" ಎಂದಳು. ಆಗ ಬಿಚ್ಚಿದ ಬಾಯಿ ಇನ್ನೂ ಮುಚ್ಚಿಲ್ಲ. ಈಗ ನಮ್ಮ ಎಮ್ಮೆಯ ಸುದ್ದಿ ನಡೆದಿದೆ. ನನಗೆ ಎ.ಸಿ.ಯಿಂದ ನೆಗಡಿ, ಅಷ್ಟೇ. ನೀನು ಕಟ್ಟಿಕೊಟ್ಟ ರೊಟ್ಟಿ ಒಂದೂ ಮುರಿದಿಲ್ಲ. ಬರುವ ತಿಂಗಳ ಮೊದಲ ಶುಕ್ರವಾರ ಹತ್ತು ಗಂಟೆಗೆ ಬೂತಿಗೆ ಬಾ, ಶಿಲ್ಪಾ ಫೋನ್ ಮಾಡುತ್ತಾಳೆ. ನೀನೂ ಸಾವಕಾಶ ಮಾತಾಡಬೇಕಂತೆ.